ಖಾಲಿ ಡಬ್ಬಿಗಳು ಅಂಗಡಿಗೆ ಹೊಳ್ಳಿ ಹೋದ ವರ್ಷ

ಇದು ಆಗದ ಮಾತು ಎಂದು ಮೊದಲು ಹೇಳಿದವರು ಜಿನ್ನಪ್ಪಣ್ಣ. ಕಾಗವಾಡದಲ್ಲಿ ದ್ರಾಕ್ಷಿ ತೋಟಗಳಿಗೆ ಔಷಧ ಮಾರುವ ಅಂಗಡಿ ಅವರದು. ಕಂಪನಿಯವರು ತಾವು ಮಾಡಿದ ವಿಷದ ಖಾಲಿ ಡಬ್ಬಿಗಳನ್ನು ತಾವೇ ವಾಪಸು ಒಯ್ಯಬೇಕು ಎಂದು ನಾನು ಅವರ ಅಂಗಡಿಯ ಮುಂದೆ ನಿಂತು ಹೇಳಿದಾಗ ಅವರು ನಕ್ಕರು. ಸಿಟ್ಟಿನ ನಗೆಯಲ್ಲ, ಕನಿಕರದ ನಗೆ.

"ಮಗಳನ್ನ ಗಂಡನ ಮನಿಗಿ ಕಳಿಸಿದ ಮ್ಯಾಲ ಹೊಳ್ಳಿ ಕರಕೊಂಡು ಬರ್ತಾರೇನ್ ತಂಗಿ? ಮಾರಿದ ಮಾಲೂ ಹಂಗ. ಹೋತು ಅಂದ್ರ ಹೋತು."

ಮನೆಗೆ ಬಂದು ಹೇಳಿದೆ. ಅವ್ವ ಜೋಳ ಹಸನು ಮಾಡುತ್ತಿದ್ದವಳು ಮೊರದಿಂದ ತಲೆ ಎತ್ತದೆ, "ಚೊಚ್ಚಲ ಹೆರಿಗಿಗೆ ಕರಕೊಂಡು ಬರೂದಿಲ್ಲೇನ್ ಹಂಗಾರ? ಅಂವಗ ಹೆಣ್ಣಮಕ್ಕಳಿಲ್ಲ, ತಿಳಿಯೂದಿಲ್ಲ" ಎಂದಳು.

ಮೊನ್ನೆ ಕಾಗವಾಡಕ್ಕೆ ಹೋದಾಗ ಇದೆಲ್ಲ ನೆನಪಾಯಿತು. ಗುಲಾಬಿ ಗಿಡಕ್ಕೆ ಹೇನು ಬಿದ್ದಿತ್ತು, ಬೇವಿನ ಎಣ್ಣೆ ಬೇಕಿತ್ತು. ಹಳೆಯ ಅಂಗಡಿಗಳ ಸಾಲಿನಲ್ಲಿ ಈಗ ಗಾಜಿನ ಬಾಗಿಲಿನ ದೊಡ್ಡ ಅಂಗಡಿ ಬಂದಿದೆ. ಬಾಗಿಲ ಪಕ್ಕ ಒಂದು ನೀಲಿ ಡ್ರಮ್ಮು ಇಟ್ಟಿದ್ದಾರೆ. ಅದರ ಮೇಲೆ, ಖಾಲಿ ಬಾಟಲಿ ಇಲ್ಲಿ ಹಾಕಿರಿ, ಕಂಪನಿ ಒಯ್ಯುತ್ತದೆ ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆದಿದೆ. ಮಾಡಿದವನೇ ಕಸಕ್ಕೂ ಹೊಣೆ ಎಂದು ಈಗ ಕಾನೂನೇ ಬಂದಿದೆಯಂತೆ. ಬಗ್ಗಿ ನೋಡಿದೆ. ಚಹಾದ ಕಪ್ಪು, ಗುಟ್ಕಾ ಚೀಟಿ, ತಳದಲ್ಲಿ ಎಲ್ಲೋ ಒಂದೆರಡು ಬಾಟಲಿ. ಅಲ್ಲಿಂದ ಎದ್ದ ವಾಸನೆ ಮಾತ್ರ ಹಳೆಯದೇ, ಕೊಳೆತ ಬೆಳ್ಳುಳ್ಳಿಯಂಥದು. ಅದು ಮೂಗಿಗೆ ಹೊಡೆದ ಕೂಡಲೇ ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಂಗಡಿಯವನು ನೀರು ಬೇಕೇನ್ರಿ ಬಾಯಾರ ಅಂದ. ಬೇಡ ಅಂದೆ.

ನಮ್ಮೂರು ಕಾಗವಾಡದ ಹತ್ತಿರ, ದೊಡ್ಡ ರಸ್ತೆ ಬಿಟ್ಟು ಒಳಗೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಊರಿನ ಸುತ್ತ ಕಬ್ಬು ಇತ್ತು, ಆದರೆ ಮಾತೆಲ್ಲ ದ್ರಾಕ್ಷಿಯದು. ಹೊಲವಿದ್ದವರು ಕಲ್ಲಿನ ಕಂಬ ನೆಟ್ಟು ತಂತಿ ಎಳೆದು ಚಪ್ಪರ ಹಾಕುತ್ತಿದ್ದರು. ನಮಗೆ ಹೊಲವಿರಲಿಲ್ಲ. ನನ್ನಪ್ಪ ಭೀಮಪ್ಪ ತೋಟಗಳಲ್ಲಿ ಔಷಧ ಹೊಡೆಯುವವ. ಊರಿನಲ್ಲಿ ಅಂಥವರು ಆರು ಜನ. ಬೆನ್ನಿಗೆ ಪಂಪು, ಬಾಯಿಗೆ ಒಂದು ಅರಿವೆ, ಅಷ್ಟೇ. ಸಂಜೆ ಮನೆಗೆ ಬಂದರೆ ಅಪ್ಪ ಮೊದಲು ಮೈ ತೊಳೆಯುತ್ತಿದ್ದ. ಆದರೂ ಅವನು ಮಲಗಿದ ಕೌದಿಗೆ ಆ ಬೆಳ್ಳುಳ್ಳಿ ವಾಸನೆ ಇರುತ್ತಿತ್ತು. ಅದು ನಮಗೆ ಅಪ್ಪನ ವಾಸನೆ. ಅದನ್ನು ವಿಷದ ವಾಸನೆ ಎಂದು ನಾವು ಯೋಚಿಸಿರಲಿಲ್ಲ.

ಕಬ್ಬು ಕಡಿಯುವವರಿಗೆ ತುದಿಯ ಸೋಗೆ ಸೇರುತ್ತದೆ, ಅದು ಈ ಕಡೆಯ ಪದ್ಧತಿ. ಹಾಗೆಯೇ ದ್ರಾಕ್ಷಿ ತೋಟದಲ್ಲಿ ಔಷಧ ಮುಗಿದ ಖಾಲಿ ಡಬ್ಬಿ ಹೊಡೆದವನ ಪಾಲು. ಯಾರೂ ಬರೆದಿಟ್ಟ ಕರಾರಲ್ಲ, ತೋಟಗಳು ಬಂದಾಗಿನಿಂದ ನಡೆದುಬಂದದ್ದು. ಬೆಳ್ಳಗೆ ಹೊಳೆಯುವ ಅಲ್ಯುಮಿನಿಯಂ ಡಬ್ಬಿ, ತಿರುಗಿಸಿ ಹಾಕುವ ಗಟ್ಟಿ ಮುಚ್ಚಳ, ಒಂದು ಹನಿ ಸೋರುವುದಿಲ್ಲ. ಅವ್ವ ಅವನ್ನು ಬೂದಿ, ಹುಣಸೆಹಣ್ಣು ಹಾಕಿ ಮೂರು ಸಲ ತಿಕ್ಕುತ್ತಿದ್ದಳು. ಮೇಲಿನ ಕಾಗದ ಕಿತ್ತು ಹೋಗಿ ಬೆಳ್ಳಿಯ ಚೊಂಬಿನಂತೆ ಮಿಂಚುತ್ತಿದ್ದವು. ಎಣ್ಣೆಗೆ, ಚಿಮಣಿ ಎಣ್ಣೆಗೆ, ಮಜ್ಜಿಗೆಗೆ, ಬುತ್ತಿಯ ನೀರಿಗೆ ಓಣಿಯ ಪ್ರತಿ ಮನೆಯಲ್ಲೂ ಅಪ್ಪ ಕೊಟ್ಟ ಡಬ್ಬಿ ಇತ್ತು. ಮದುವೆಯಾಗಿ ಹೊಸ ಸಂಸಾರ ಹೂಡಿದವರಿಗೆ ಅವ್ವ ಎರಡು ಕೊಡುತ್ತಿದ್ದಳು. ಕೊಡುವಂಥದು ನಮ್ಮ ಮನೆಯಲ್ಲಿ ಬೇರೇನೂ ಇರಲಿಲ್ಲವಲ್ಲ. ಡಬ್ಬಿ ಕೊಡುವಾಗ ಅಪ್ಪ ಸ್ವಲ್ಪ ಎದೆ ಸೆಟೆಸುತ್ತಿದ್ದ.

ನಾನು ಅಥಣಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಅಪ್ಪ ಅವ್ವ ಇಬ್ಬರ ಮನೆತನದಲ್ಲೂ ಹತ್ತನೇ ಇಯತ್ತೆ ದಾಟಿದವಳು ನಾನೊಬ್ಬಳೇ. ಇದನ್ನು ಹೇಳಿಕೊಳ್ಳಲು ನನಗೆ ಈಗಲೂ ನಾಚಿಕೆಯಿಲ್ಲ, ಯಾರೂ ಸುಮ್ಮನೆ ಕೊಟ್ಟದ್ದಲ್ಲ ಅದು. ಬೆಳಿಗ್ಗೆ ರಸ್ತೆಯವರೆಗೆ ನಡೆದು, ಕಾಗವಾಡಕ್ಕೆ ಬಂದು ಅಥಣಿ ಬಸ್ಸು ಹಿಡಿಯುತ್ತಿದ್ದೆ. ಕಾಗವಾಡದ ಬಸ್ಸು ತಪ್ಪಿದರೆ ಕಬ್ಬಿನ ಟ್ರ್ಯಾಕ್ಟರು. ಟ್ರ್ಯಾಕ್ಟರೂ ಇಲ್ಲದಿದ್ದರೆ ಕಾಲು. ರಸಾಯನಶಾಸ್ತ್ರ ನನ್ನ ಮುಖ್ಯ ವಿಷಯ. ರಂಜಕದಿಂದ ಮಾಡುವ ಕೀಟನಾಶಕಗಳ ಬಗ್ಗೆ ಎರಡು ಅಂಕದ ಪ್ರಶ್ನೆ ಬರುತ್ತದೆಂದು ಉರುಹೊಡೆದಿದ್ದೆ. ಹೆಸರು ಬರೆದರೆ ಒಂದು ಅಂಕ, ಉಪಯೋಗ ಬರೆದರೆ ಇನ್ನೊಂದು. ಅಪಾಯ ಬರೆದರೆ ಅಂಕವಿರಲಿಲ್ಲ.

ಆ ವರ್ಷ ಮೋಡ ಬಿಡಲೇ ಇಲ್ಲ. ಮಳೆಗಾಲ ಮುಗಿದ ಮೇಲೆ ಬಳ್ಳಿ ಕತ್ತರಿಸಿ ಚಿಗುರು ಒಡೆಯುವ ಹೊತ್ತಿಗೆ ಆಕಾಶ ತಿಳಿಯಾಗಬೇಕು, ಬಿಸಿಲು ಬೀಳಬೇಕು. ಆಗಲಿಲ್ಲ. ಬೆಳಗಾದರೆ ಮಂಜು, ಮಧ್ಯಾಹ್ನಕ್ಕೆ ಬೂದಿ ಬಣ್ಣದ ಮೋಡ, ಸಂಜೆಗೆ ನಾಲ್ಕು ಹನಿ. ಎಲೆಯ ಕೆಳಗೆ ಬಿಳಿ ಬೂಷ್ಟು ಹಿಡಿದರೆ ಎರಡು ದಿನದಲ್ಲಿ ತೋಟ ಹೋಗುತ್ತದೆ. ಬೂಷ್ಟಿನ ಬೆನ್ನಿಗೇ ಹೇನು, ಹುಳ. ತೋಟದವರ ಮುಖ ಕಪ್ಪಿಟ್ಟಿತ್ತು. ವಾರಕ್ಕೊಮ್ಮೆ ಹೊಡೆಯುವ ಔಷಧವನ್ನು ಎರಡು ದಿನಕ್ಕೊಮ್ಮೆ ಹೊಡೆಸಿದರು. ಅಪ್ಪನಿಗೆ ಬಿಡುವಿರಲಿಲ್ಲ. ಹಿತ್ತಲಲ್ಲಿ ಡಬ್ಬಿಗಳು ಗೋಡೆಯೆತ್ತರ ಬೆಳೆದವು. ಅವ್ವ ಬೂದಿ ಸಾಲದೆ ನೆರೆಮನೆಯಿಂದ ತಂದಳು.

ನನ್ನ ಅಕ್ಕ ಮಾದೇವಿ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಗಂಡು ಕೂಸು. ಅವಳನ್ನು ಕೊಟ್ಟದ್ದು ಸದಲಗಕ್ಕೆ. ಐದನೇ ತಿಂಗಳಲ್ಲಿ ಕೂಸಿನ ಸಮೇತ ಕಳಿಸುವಾಗ ಅಪ್ಪ ಗಾಣದಿಂದ ಕುಸುಬೆ ಎಣ್ಣೆ ತಂದು, ಇದ್ದುದರಲ್ಲಿ ದೊಡ್ಡ ಡಬ್ಬಿಯನ್ನು ತಾನೇ ಆರಿಸಿ, ತಾನೇ ತುಂಬಿ ಮುಚ್ಚಳ ಬಿಗಿದ. ಬಸ್ಸಿನ ಕಿಟಕಿಯಲ್ಲಿ ಕೊಡುತ್ತ, "ಒಗ್ಗರಣಿಗೆ ಹಾಕ್ಕೋ, ಕೂಸಿನ ಮೈಗೂ ಹಚ್ಚು. ಸೋರೂದಿಲ್ಲ ನೋಡು, ಕಂಪನೀದು" ಎಂದ.

ನಾಲ್ಕನೇ ದಿನ ನನ್ನ ಕಾಲೇಜಿಗೆ ಸುದ್ದಿ ಬಂತು. ಅಕ್ಕನನ್ನು ಚಿಕ್ಕೋಡಿಯ ದವಾಖಾನೆಗೆ ಹಾಕಿದ್ದಾರೆ ಎಂದು. ಅಪ್ಪ ತೋಟದಲ್ಲಿದ್ದ, ಅವ್ವನಿಗೆ ಬಸ್ಸು ಬದಲಿಸಲು ಬಾರದು. ನಾನು ಅಥಣಿಯಿಂದಲೇ ಹೊರಟೆ. ರಾಯಬಾಗದಲ್ಲಿ ಬಸ್ಸು ಬದಲಿಸಿ ಚಿಕ್ಕೋಡಿ ಮುಟ್ಟುವಾಗ ಮಧ್ಯಾಹ್ನ ದಾಟಿತ್ತು. ಅಕ್ಕ ಬೆವರಿನಲ್ಲಿ ತೊಯ್ದು ಮಲಗಿದ್ದಳು. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಕೈಬೆರಳುಗಳು ತಾವಾಗಿಯೇ ಕುಣಿಯುತ್ತಿದ್ದವು. ಡಾಕ್ಟರು ಅವಳ ಕಣ್ಣುರೆಪ್ಪೆ ಎತ್ತಿ ನನಗೆ ತೋರಿಸಿದರು. ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು.

"ಬಾಜೂಕ ಔಷಧ ಹೊಡದಾರೇನು? ಹೊಲಕ್ಕ ಹೋಗಿದ್ಳೇನು?"

"ಬಾಣಂತಿ ಅದಾಳ್ರಿ. ಹೊಸ್ತಿಲಾ ದಾಟಿಲ್ಲ" ಎಂದಳು ಅಕ್ಕನ ಅತ್ತೆ.

"ಮತ್ತ ತಿಂದದ್ದೇನು? ಈ ನಾಲ್ಕ ದಿನದಾಗ ಹೊಸಾದು ಏನ್ ತಿಂದಾಳ?"

ಅತ್ತೆ ಯೋಚಿಸಿ, "ಬಾಣಂತಿ ಅಡಗಿ ಬ್ಯಾರೇನ ಮಾಡ್ತೇವ್ರಿ. ಅದಕ್ಕ ತವರಮನಿ ಎಣ್ಣಿ" ಎಂದಳು. ಅದರಲ್ಲಿ ಚುಚ್ಚು ಇತ್ತೋ ಇಲ್ಲವೋ, ನನಗೆ ಚುಚ್ಚಿತು.

ಭಾವ ಹೋಗಿ ಡಬ್ಬಿ ತಂದ. ಡಾಕ್ಟರು ಮುಚ್ಚಳ ತೆಗೆದು ಮೂಸಿ ಮುಖ ಹಿಂದೆ ಸರಿಸಿದರು. ಎಷ್ಟು ತಿಕ್ಕಿದರೂ ಮುಚ್ಚಳದ ಒಳಸುತ್ತಿನಲ್ಲಿ ವಿಷ ಕೂತಿರುತ್ತದೆ, ನೀರಿಗೆ ಬಿಡದ್ದು ಎಣ್ಣೆಗೆ ಬಿಡುತ್ತದೆ ಎಂದರು. ಕೂಸಿನ ಮೈಗೆ ಹಚ್ಚಿದ್ದೀರಾ ಎಂದು ಕೇಳಿದರು. ಅತ್ತೆ ತನ್ನ ಮನೆಯ ಕೊಬ್ಬರಿ ಎಣ್ಣೆಯನ್ನೇ ಹಚ್ಚುತ್ತೇನೆಂದು ಹಟ ಮಾಡಿದ್ದಳಂತೆ. ಆ ಹಟದಿಂದ ಕೂಸು ಉಳಿಯಿತು. ಅಕ್ಕ ಸೂಜಿಯ ಮೇಲೆ ಸೂಜಿ ತಗೊಂಡು ಎಂಟು ದಿನಕ್ಕೆ ಎದ್ದು ಕೂತಳು.

ಊರಿಗೆ ಬಂದು ಹಿತ್ತಲಲ್ಲಿ ಇನ್ನೂ ಕಾಗದ ಕೀಳದ ಒಂದು ಡಬ್ಬಿ ಹುಡುಕಿದೆ. ಸಣ್ಣ ಇಂಗ್ಲಿಷ್ ಅಕ್ಷರ. ಖಾಲಿ ಡಬ್ಬಿಯನ್ನು ಮತ್ತೆ ಬಳಸಬಾರದು, ಜಜ್ಜಿ ಜನವಸತಿಯಿಂದ ದೂರ ಹೂಳಬೇಕು ಎಂದಿತ್ತು. ನಾನು ಅದನ್ನು ಕನ್ನಡದಲ್ಲಿ ಓದಿ ಹೇಳಿದೆ. ಅಪ್ಪ ಕಟ್ಟೆಯ ಮೇಲೆ ಕೂತು ಕೇಳಿದ.

"ಇನ್ನೊಮ್ಮೆ ಓದು."

ಓದಿದೆ.

"ಇಷ್ಟ ವರ್ಷ ಇದು ಅದರ ಮ್ಯಾಲ ಇತ್ತು?"

"ಇತ್ತು."

ಅಪ್ಪ ಎದ್ದು ಕೈ ತೊಳೆದುಕೊಂಡ. ಮತ್ತೆ ಬಂದು ಕೂತ. ಮತ್ತೆ ಎದ್ದು ಕೈ ತೊಳೆದುಕೊಂಡ. ಅವನು ಅಕ್ಕನನ್ನು ನೋಡಲು ಚಿಕ್ಕೋಡಿಗೆ ಹೋಗಲಿಲ್ಲ. ಯಾವ ಮುಖ ತಗೊಂಡು ಹೋಗಲಿ ಎಂದ.

ಹೂಳೋಣ ಎಂದರೆ ಎಲ್ಲಿ? ನಮಗೆ ಇದ್ದದ್ದು ಹಿತ್ತಲು, ಅದರ ಪಕ್ಕದಲ್ಲೇ ಓಣಿಯ ಬಾವಿ. ಸುಡೋಣ ಎಂದರೆ ಹೊಗೆ. ಗುಜರಿಯವನಿಗೆ ಹಾಕಿದರೆ ಅವನು ಬೇರೆ ಊರಿನ ಅಡುಗೆಮನೆಗೆ ಮಾರುತ್ತಾನೆ. ನಮ್ಮ ಓಣಿಯ ಮನೆಗಳಲ್ಲಿ, ನಮ್ಮ ಹಿತ್ತಲಲ್ಲಿ, ಉಳಿದ ಐದು ಮಂದಿಯ ಹಿತ್ತಲಲ್ಲಿ ಒಟ್ಟು ಇನ್ನೂರರ ಮೇಲೆ ಡಬ್ಬಿ ಇದ್ದವು. ಅವು ಇನ್ನೊಂದು ಮನೆಯ ಒಲೆಯ ಹತ್ತಿರ ಹೋಗುವ ಮೊದಲು ಊರು ಬಿಡಬೇಕಿತ್ತು. ಮಾಡಿದವರ ಹತ್ತಿರವೇ ಹೋಗಲಿ ಎಂದು ನನಗೆ ಅನ್ನಿಸಿತು. ವಿಷ ಹೇಗೆ ಮಾಡುವುದೆಂದು ಗೊತ್ತಿದ್ದವರಿಗೆ ಅದನ್ನು ಹೇಗೆ ಮುಗಿಸುವುದೆಂದೂ ಗೊತ್ತಿರಬೇಕಲ್ಲ. ಹಾಗೆಂದು ಹೇಳಲು ಜಿನ್ನಪ್ಪಣ್ಣನ ಅಂಗಡಿಗೆ ಹೋದೆ, ಅವರು ಮಗಳ ಗಂಡನ ಮನೆಯ ಮಾತು ಹೇಳಿ ಕಳಿಸಿದರು. ಕೆಟ್ಟ ಮನುಷ್ಯ ಅಲ್ಲ ಅವರು. ನಾನು ಹೊರಡುವಾಗ, "ಅಕ್ಕ ಆರಾಮದಾಳಿಲ್ಲೋ? ಹಾಲು ತುಪ್ಪ ಹಾಕ್ರಿ" ಎಂದರು. ಡಬ್ಬಿ ಮಾತ್ರ ತಮ್ಮ ಹೊಸ್ತಿಲು ದಾಟಬಾರದು, ಅಷ್ಟೇ.

ದಾರಿ ಹುಡುಕಿದವನು ಅಪ್ಪನೇ. ಔಷಧ ಹೊಡೆಯುವ ಆರೂ ಮಂದಿ ಸಂಜೆ ಪಂಪು ತೊಳೆಯುವ ಹೊಂಡದ ಹತ್ತಿರ ಸೇರುತ್ತಿದ್ದರು. ಅಪ್ಪ ಅಲ್ಲಿ ಹೇಳಿದ, "ನಾಳೆಯಿಂದ ನಾ ಡಬ್ಬಿ ತರೂದಿಲ್ಲ. ತಂದದ್ದನ್ನೂ ಹೊಳ್ಳಿ ಒಯ್ದು ಪಾಟೀಲರ ತೋಟದಾಗ ಇಡ್ತೇನಿ. ಅವರ ಮಾಲು ಅವರಿಗೆ."

ಅಪ್ಪನ ಜೋಡಿ ಹಸನಸಾಬ, ಇಬ್ಬರೂ ಹುಡುಗರಿದ್ದಾಗಿನಿಂದ ಕೂಡಿ ದುಡಿದವರು. ಅವನು ನಕ್ಕ. "ನೀ ಬಿಟ್ರ ನಾ ತರ್ತೇನಿ ಭೀಮ್ಯಾ. ನನಗ ಮೂರು ಹೆಣ್ಣಮಕ್ಕಳದಾವ, ಮೂರಕ್ಕೂ ಮದುವೀ ಮಾಡೂದೈತಿ."

"ನನಗೂ ಎರಡು ಅದಾವ. ಒಂದು ಚಿಕ್ಕೋಡಿ ದವಾಖಾನ್ಯಾಗ ಮಲಗಿತ್ತು."

ಹಸನಸಾಬ ಪಂಪಿನ ನಳಿಗೆ ಬಿಚ್ಚುತ್ತಿದ್ದವನು ನಿಲ್ಲಿಸಿದ. ಕತ್ತಲಾಗುವ ಮೊದಲು ಆರೂ ಮಂದಿ ಹೂಂ ಅಂದಿದ್ದರು. ತಮ್ಮ ಪಾಲನ್ನು ತಾವೇ ಒಲ್ಲೆ ಅನ್ನುವುದು ಬಡವರಿಗೆ ಹಗುರದ ಮಾತಲ್ಲ, ಅದು ನನಗೆ ಗೊತ್ತಿತ್ತು.

ಓಣಿಯಿಂದ ಡಬ್ಬಿ ಬಿಡಿಸುವ ಕೆಲಸ ಅವ್ವನದು. ಎದುರುಮನೆಯ ಗಂಗವ್ವ ಡಬ್ಬಿಯನ್ನು ಎದೆಗವಚಿ ನಿಂತಳು. "ಮೂರು ವರ್ಷದಿಂದ ಇದರಾಗ ಎಣ್ಣಿ ಇಟ್ಟೇನಿ. ಸತ್ತೇನೇನು? ಮಾತಾಡಾಕತ್ತೇನಿಲ್ಲೋ?"

"ನಿನ್ನ ಮಾತು ನಿಲ್ಲಸಾಕ ಯಾವ ಕಂಪನಿ ವಿಷಾನೂ ಸಾಲೂದಿಲ್ಲ ಬೇ. ಕೊಡು ಇಲ್ಲೆ."

"ಕೊಟ್ಟು ಇಸಕೊಳ್ಳಾಕ ಬಂದೀ, ನಾಚಿಕಿ ಇಲ್ಲೇನ?"

"ಐತಿ. ಅದಕ್ಕ ಬಂದೇನಿ" ಎಂದಳು ಅವ್ವ. ಗಂಗವ್ವ ಒಂದು ಗಳಿಗೆ ಅವ್ವನ ಮುಖ ನೋಡಿ, ಎಣ್ಣೆಯನ್ನು ತಿಪ್ಪೆಗೆ ಸುರಿದು ಡಬ್ಬಿ ಕೊಟ್ಟಳು. ಹೀಗೆ ಮನೆ ಮನೆ ತಿರುಗಲು ಎಷ್ಟೋ ವಾರ ಹಿಡಿಯಿತು. ಕೆಲವರು ಬೈದರು. ಕೆಲವರು ಅಡಗಿಸಿಟ್ಟು ಇಲ್ಲ ಅಂದರು. ಅಪ್ಪನ ಹೆಸರು ಓಣಿಯಲ್ಲಿ ಮೊದಲಿನಂತೆ ಉಳಿಯಲಿಲ್ಲ. ಕೊಟ್ಟು ಕಸಿದುಕೊಂಡವ ಎಂದಾಯಿತು.

ಪ್ರತಿ ಡಬ್ಬಿಗೂ ಅಪ್ಪ ಮತ್ತು ಹಸನಸಾಬ ಹಾರೆಯಿಂದ ತೂತು ಹೊಡೆದರು. ಇನ್ನು ಅದರಲ್ಲಿ ಯಾರೂ ಏನೂ ತುಂಬಬಾರದು. ಆ ರಾಶಿಯನ್ನು ಪಾಟೀಲರ ತೋಟದ ಬಾಗಿಲಲ್ಲಿ ಹಾಕಿದರು. ಪಾಟೀಲರದು ಊರಿನಲ್ಲೇ ದೊಡ್ಡ ತೋಟ, ಡಬ್ಬಿಗಳಲ್ಲಿ ಮುಕ್ಕಾಲು ಪಾಲು ಅಲ್ಲಿಂದಲೇ ಬಂದವು. ದಿನಾ ಹೊಡೆದ ಹೊಸ ಡಬ್ಬಿಗಳೂ ಅಲ್ಲಿಗೇ ಬಂದು ಬಿದ್ದವು. ಮೊದಲು ಪಾಟೀಲರು ಗಮನ ಕೊಡಲಿಲ್ಲ. ಹಣ್ಣಿಗೆ ಬಣ್ಣ ಬಂದು, ಮುಂಬೈ ಪೇಟೆಯ ದಲಾಲ ಮಾಲು ನೋಡಲು ಬಂದಾಗ ಗಮನ ಕೊಡಲೇಬೇಕಾಯಿತು. ಹಣ್ಣು ನೋಡುವ ಮೊದಲು ಅವನು ರಾಶಿ ನೋಡಿದ. "ಇತ್ಕೇ ಫವಾರೇ ಮಾರ್ಲೇ ಕಾ ಪಾಟೀಲ?" ಎಂದು ಮರಾಠಿಯಲ್ಲಿ ಕೇಳಿದ, ಇಷ್ಟು ಸಲ ಹೊಡೆಸಿದ್ದೀರಾ ಎಂದು. ದರ ಹೇಳದೆ, ಚಹಾ ಕುಡಿದು ಹೋದ.

ಅವತ್ತೇ ಪಾಟೀಲರ ಮೋಟರ್ ಸೈಕಲ್ಲು ನಮ್ಮ ಮನೆಯ ಮುಂದೆ ನಿಂತಿತು. ಇಳಿಯಲಿಲ್ಲ ಅವರು.

"ಏನ್ ಭೀಮಪ್ಪ, ನನ್ನ ತೋಟ ತಿಪ್ಪಿ ಆತೇನು?"

"ನಿಮ್ಮ ಡಬ್ಬಿ ನಿಮಗ ಬಿಟ್ಟೇವ್ರಿ ಸಾವಕಾರ."

"ಡಬ್ಬಿ ಹೊಡದವನ ಪಾಲು. ಹಿಂದಿಂದ ಬಂದದ್ದು."

"ಪಾಲು ಒಲ್ಲೆವ್ರಿ."

"ನೀವು ಒಲ್ಲೆ ಅಂದ್ರ ನಾ ಅದನ್ನ ಏನ್ ಮಾಡ್ಲಿ? ನನ್ನ ಬಾವ್ಯಾಗ ಹಾಕ್ಕೊಳ್ಳಲೇನು?"

ನಾನು ಬಾಗಿಲಲ್ಲಿದ್ದೆ. "ಎಲ್ಲಿಂದ ತಂದ್ರಿ ಅಲ್ಲೆ ಕೊಡ್ರಿ" ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕಾಲೇಜ ಕಲಿಯೂದು ಇದಕ್ಕನಾ?" ಎಂದು ಅಪ್ಪನಿಗೆ ಕೇಳಿ ಗಾಡಿ ತಿರುಗಿಸಿದರು. ಆದರೆ ಮರುದಿನ ಅವರ ಟ್ರ್ಯಾಕ್ಟರು ಆ ರಾಶಿಯನ್ನು ತುಂಬಿಕೊಂಡು ಜಿನ್ನಪ್ಪಣ್ಣನ ಅಂಗಡಿಗೆ ಹೋಯಿತು. ನನಗೆ ಇಲ್ಲ ಅಂದ ಜಿನ್ನಪ್ಪಣ್ಣನಿಗೆ ಪಾಟೀಲರಿಗೆ ಇಲ್ಲ ಅನ್ನಲು ಆಗಲಿಲ್ಲ. ಕಂಪನಿಗೆ ಕಾಗದ ಬರೆದರು, ಫೋನು ಮಾಡಿದರು. ಕಂಪನಿಯವರು ಒಂದು ಟೆಂಪೊ ಕಳಿಸಲು ಒಪ್ಪಿದರು. ಇಷ್ಟೇ. ದೊಡ್ಡವರ ಮಾತು ಓಡುವ ದಾರಿಯಲ್ಲಿ ನಮ್ಮ ಡಬ್ಬಿ ಓಡಿತು.

ಟೆಂಪೊ ಬಂದ ದಿನ ನನಗೆ ಅಥಣಿಯಲ್ಲಿ ಪ್ರ್ಯಾಕ್ಟಿಕಲ್ ಪರೀಕ್ಷೆ. ಹನ್ನೊಂದಕ್ಕೆ ಪ್ರಯೋಗಾಲಯದಲ್ಲಿ ಇರಬೇಕು. ಕಾಗವಾಡದ ಸ್ಟ್ಯಾಂಡಿನಲ್ಲಿ ಬಸ್ಸಿಗೆ ನಿಂತಿದ್ದೆ. ಎದುರಿಗೇ ಅಂಗಡಿ. ಅಪ್ಪ ಮತ್ತು ಹಸನಸಾಬ ಡಬ್ಬಿ ತುಂಬಿಸಲು ಬಂದಿದ್ದರು. ಇಸ್ತ್ರಿ ಅಂಗಿಯ ಕಂಪನಿಯ ಸಾಹೇಬ ಒಂದು ಡಬ್ಬಿ ಎತ್ತಿ ತೂತು ನೋಡಿ ಸಿಡಿಮಿಡಿಗೊಂಡದ್ದು ರಸ್ತೆಯಾಚೆಗೂ ಕೇಳಿಸಿತು.

"ತೂತು ಯಾರು ಹೊಡೆದದ್ದು? ಇನ್ನು ಇವು ಉಪಯೋಗಕ್ಕೆ ಬರೋದಿಲ್ಲ."

"ಯಾರ ಉಪಯೋಗಕ್ರಿ ಸಾಹೇಬ್ರ?" ಎಂದ ಹಸನಸಾಬ, ಏನೂ ಗೊತ್ತಿಲ್ಲದವನ ದನಿಯಲ್ಲಿ.

ಸಾಹೇಬ ಕೈಯಲ್ಲಿದ್ದ ಡಬ್ಬಿಯನ್ನು ರಾಶಿಗೆ ಎಸೆದ. ಡಬ್ಬಿಗಳು ಟೆಂಪೊ ಏರಿದವು. ಅಷ್ಟರಲ್ಲಿ ಅಥಣಿ ಬಸ್ಸು ಬಂತು. ನಾನು ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಿದ್ದೆ. ತಿರುಗಿ ನೋಡಿದಾಗ ಸಾಹೇಬ ಒಂದು ಕಾಗದ ಹಾಸಿ ಶಾಯಿಯ ಡಬ್ಬಿ ತೆರೆದು ಅಪ್ಪನ ಹೆಬ್ಬೆರಳು ಹಿಡಿದಿದ್ದ. ಡಬ್ಬಿ ಹೊರುವವನು ಅಪ್ಪ, ಹೆಬ್ಬೆಟ್ಟು ಒತ್ತುವವನೂ ಅಪ್ಪನೇ ಯಾಕೆ? ಕೊಂಡವರು ಪಾಟೀಲರು, ಮಾರಿದವರು ಜಿನ್ನಪ್ಪಣ್ಣ. ಅವರಿಬ್ಬರ ಕೈಗೆ ಶಾಯಿ ಇರಲಿಲ್ಲ.

ಕಂಡಕ್ಟರು, "ಏರ್ತಿ ಏನ ಇಳಿತಿ ತಂಗಿ?" ಎಂದ.

ಇಳಿದೆ. ರಸ್ತೆ ದಾಟಿ ಓಡಿದೆ. "ಅಪ್ಪಾ, ಬೆರಳು ತಗಿ."

ಕಾಗದ ಇಂಗ್ಲಿಷಿನಲ್ಲಿತ್ತು. ಓದಿದೆ. ಲೇಬಲ್ಲಿನ ಸೂಚನೆ ಮೀರಿ ಡಬ್ಬಿಗಳನ್ನು ನಾವೇ ಮನೆಗೆ ಒಯ್ದು ಬಳಸಿದ್ದೇವೆ, ಅದರಿಂದ ಯಾರಿಗೆ ಏನೇ ಆಗಿದ್ದರೂ ಕಂಪನಿ ಹೊಣೆಯಲ್ಲ, ಕಂಪನಿ ಈಗ ಒಯ್ಯುತ್ತಿರುವುದು ಬರೀ ಸೌಜನ್ಯಕ್ಕಾಗಿ ಎಂದಿತ್ತು. ಕೆಳಗೆ ಅಪ್ಪನ ಹೆಸರು ಆಗಲೇ ಟೈಪಾಗಿತ್ತು. ನಾನು ಅದನ್ನು ಗಟ್ಟಿಯಾಗಿ ಕನ್ನಡದಲ್ಲಿ ಹೇಳಿದೆ. ಅಪ್ಪ ಶಾಯಿ ಹತ್ತಿದ ಹೆಬ್ಬೆರಳನ್ನು ಮಡಚಿ ಮುಷ್ಟಿಯೊಳಗೆ ಇಟ್ಟುಕೊಂಡ.

"ಶಿಕ್ಲೇಲಿ ಆಹೇಸ್ ಕಾ ತೂ?" ಎಂದ ಸಾಹೇಬ, ಕಲಿತವಳೇನು ನೀನು ಎಂದು.

"ಹೌದು. ಈ ಔಷಧದ ಹೆಸರಿಗೆ ನಮಗ ಒಂದು ಅಂಕ ಕೊಡ್ತಾರ."

"ಮತ್ತೆ ಲೇಬಲ್ ಮೇಲೆ ಎಲ್ಲಾ ಬರೆದಿದೆ. ಓದಿಕೊಳ್ಳೋದು ನಿಮ್ಮ ಕೆಲಸ."

"ನಮ್ಮಪ್ಪಗ ಕನ್ನಡಾನೂ ಓದಾಕ ಬರೂದಿಲ್ರಿ. ಅದು ನಿಮಗ ಗೊತ್ತೈತಿ, ಅದಕ್ಕ ಶಾಯಿ ತಂದೀರಿ. ಓದಾಕ ಬರದವನ ಕೈಯಾಗ ವಿಷ ಕೊಡೂವಾಗ ಇಲ್ಲದ ಕಾಗದ ಈಗ್ಯಾಕ ಬಂತು?"

ಜಿನ್ನಪ್ಪಣ್ಣ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದರು. ನನ್ನನ್ನು ಹೊರಗೆ ಹಾಕುತ್ತಾರೆ ಎಂದುಕೊಂಡೆ. ಅವರು ಆ ಕಾಗದ ನನ್ನ ಕೈಯಿಂದ ತಗೊಂಡು ನಾಲ್ಕು ಮಡಿಕೆ ಮಾಡಿ ಸಾಹೇಬನ ಜೇಬಿಗೇ ಇಟ್ಟರು. "ಸಾಹೇಬ, ನಾನೂ ಇದ ಊರಾಗ ಇರಾಂವ. ಬ್ಯಾರೆ ಬರೀರಿ" ಎಂದರು.

ಬೇರೆ ಬರೆಯಲು ಅರ್ಧ ತಾಸು ಹಿಡಿಯಿತು. ನಮ್ಮ ಕಂಪನಿ ತಯಾರಿಸಿದ ಔಷಧದ ಖಾಲಿ ಡಬ್ಬಿಗಳನ್ನು ವಾಪಸು ಪಡೆದಿದ್ದೇವೆ, ಅಷ್ಟೇ ಇರಲಿ ಎಂದೆ. ತಯಾರಿಸಿದ ಅನ್ನುವ ಶಬ್ದ ಬೇಡ ಎಂದು ಸಾಹೇಬ ಹಟ ಹಿಡಿದ. ಅದು ಇಲ್ಲದಿದ್ದರೆ ಡಬ್ಬಿ ಇಳಿಸಿ ಎಂದ ಹಸನಸಾಬ, ನಿಜವಾಗಿಯೂ ಟೆಂಪೊ ಹತ್ತಿ ಎರಡು ಡಬ್ಬಿ ಕೆಳಗೆ ಎಸೆದ. ಕಡೆಗೆ ಸಾಹೇಬ ಬರೆದ. ಸಹಿ ಮಾಡಿದವನು ಅವನು, ಅಪ್ಪನಲ್ಲ. ಟೆಂಪೊ ಮಿರಜದ ಕಡೆಗೆ ಹೋಯಿತು. ಆಗ ಜಿನ್ನಪ್ಪಣ್ಣ ಹೇಳಿದರು, "ತಂಗಿ, ನಿನ್ನ ಬಸ್ ಹೋತಲ್ಲ."

ಮುಂದಿನ ಬಸ್ಸು ಹಿಡಿದು ಹೋದೆ. ಪ್ರಯೋಗಾಲಯದ ಬಾಗಿಲು ಹಾಕಿತ್ತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಕಾರಣ ಕೇಳಿದರು, ಹೇಳಿದೆ. ತಲೆ ಆಡಿಸಿದರು, ಆದರೆ ನಿಯಮ ನಿಯಮವೇ. ಆ ಒಂದು ವಿಷಯ ಉಳಿಯಿತು, ಅದರಿಂದ ಪದವಿ ಒಂದು ವರ್ಷ ಹಿಂದೆ ಬಿತ್ತು. ಮನೆಗೆ ಬಂದು ಹೇಳಿದಾಗ ಅಪ್ಪ ಬೂದಿ ತಗೊಂಡು ಕೈ ತಿಕ್ಕುತ್ತಿದ್ದ. ಅವನ ಹೆಬ್ಬೆರಳಿನ ಶಾಯಿ ಇನ್ನೂ ಹೋಗಿರಲಿಲ್ಲ.

ಗೆದ್ದೆವು ಎಂದು ಹೇಳಲು ಮನಸ್ಸು ಬರುವುದಿಲ್ಲ. ಮರುವರ್ಷ ಕಂಪನಿಯ ಟೆಂಪೊ ಬರಲಿಲ್ಲ. ಜಿನ್ನಪ್ಪಣ್ಣ ಒಂದು ಹಂಗಾಮು ಡಬ್ಬಿಗಳನ್ನು ಅಂಗಡಿಯ ಹಿಂದೆ ಕೂಡಿಹಾಕಿ, ಕಾಗದ ಬರೆದು ಬರೆದು ಬೇಸತ್ತು, ಮತ್ತೆ ತಗೊಳ್ಳುವುದನ್ನು ನಿಲ್ಲಿಸಿದರು. ಪಾಟೀಲರು ಅಪ್ಪನನ್ನು ಕರೆಯಲಿಲ್ಲ, ಅವನ ಬದಲು ಬೇರೆ ಊರಿನವನನ್ನು ತಂದರು. ಪಾಟೀಲರು ಬಿಟ್ಟರೆಂದು ಉಳಿದ ತೋಟದವರೂ ಅವನನ್ನು ಬಿಟ್ಟರು. ಅಪ್ಪ ಹಂಗಾಮಿನ ಆರು ತಿಂಗಳು ವಿಜಾಪುರದ ಕಡೆ ತೋಟ ಹುಡುಕಿಕೊಂಡು ಹೋಗತೊಡಗಿದ. ಹಸನಸಾಬ ಮತ್ತೆ ಡಬ್ಬಿ ತರತೊಡಗಿದ, ಆದರೆ ತೂತು ಹೊಡೆದೇ ಗುಜರಿಗೆ ಹಾಕುತ್ತಿದ್ದ. ತೂತು ಹೊಡೆದದ್ದಕ್ಕೆ ಗುಜರಿಯವನು ಬೈಯುತ್ತಿದ್ದನಂತೆ. ನಮ್ಮ ಓಣಿಯ ಅಡುಗೆಮನೆಗಳಿಗೆ ಮಾತ್ರ ಮತ್ತೆ ಅವು ಬರಲಿಲ್ಲ. ಅಷ್ಟು ಆಯಿತು. ಅಷ್ಟಕ್ಕೆ ಅಷ್ಟೆಲ್ಲ ಬೇಕಾಯಿತೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ಮರುವರ್ಷ ಪ್ರ್ಯಾಕ್ಟಿಕಲ್ ಮುಗಿಸಿದೆ. ಪ್ರಮಾಣಪತ್ರ ಕಾಲೇಜಿಗೆ ಬಂದಿದೆ ಎಂದು ತಿಳಿದಾಗ ಅಪ್ಪ ವಿಜಾಪುರದ ಕಡೆ ಇದ್ದ. ಸದಲಗದಿಂದ ಅಕ್ಕ ಬಂದಳು, ಕಂಕುಳಲ್ಲಿ ಕೂಸು, ಈಗ ಅದು ಇಳಿದು ಓಡಲು ಒದ್ದಾಡುವ ಪೋರ. ವಿಷ ಹೊಕ್ಕು ಎದ್ದ ಮೇಲೆ ಅವಳ ಬಲಗೈ ಸ್ವಲ್ಪ ನಡುಗುತ್ತಿತ್ತು. ಇಬ್ಬರೂ ಅಥಣಿಗೆ ಹೋದೆವು. ಆಫೀಸಿನ ಕಿಟಕಿಯಲ್ಲಿ ಗುಮಾಸ್ತರು ರಜಿಸ್ಟರಿನಲ್ಲಿ ಹೆಸರು ಹುಡುಕಿ, "ಒಂದ ವರ್ಷ ತಡಾ ಆತಲ್ಲವಾ ನಿಂದು?" ಎಂದು, ಸಹಿ ಮಾಡಿಸಿಕೊಂಡು ಕಾಗದ ಕೈಗಿತ್ತರು.

ಅಕ್ಕ ಪೋರನನ್ನು ನನಗೆ ಕೊಟ್ಟು, ಸೆರಗಿಗೆ ಕೈ ಒರೆಸಿಕೊಂಡು ಅದನ್ನು ಇಸಿದುಕೊಂಡಳು. ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು ಅವಳು. ಕನ್ನಡದ ಸಾಲಿನ ಮೇಲೆ ಬೆರಳಿಟ್ಟು ನನ್ನ ಹೆಸರು, ಅಪ್ಪನ ಹೆಸರು ಕೂಡಿಸಿ ಓದಿದಳು. ಉಳಿದದ್ದನ್ನು ನನಗೆ ಕೇಳಿದಳು, ಹೇಳಿದೆ.

"ತಡಾ ಯಾಕಾತು ಅಂತ ಬರದಾರೇನ?"

"ಅದನ್ನ ಬರಿಯೂದಿಲ್ಲ ಅಕ್ಕಾ."

"ಆ ಸಾಹೇಬನ ಕಾಗದಾ ಓದಿದ್ದು?"

"ಇಲ್ಲ."

ಅವಳು ಇನ್ನೊಮ್ಮೆ ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ಮಡಚದೆ, ಜೋಪಾನವಾಗಿ ನನಗೆ ಕೊಟ್ಟು ಪೋರನನ್ನು ತಗೊಂಡಳು.

"ಹಂಗಾರ ಅರ್ಧಾನ ಕೊಟ್ಟಾರ ತಗೋ" ಎಂದಳು. "ಇರ್ಲಿ. ಅರ್ಧಾನರ ಯಾರ ಮನ್ಯಾಗೈತಿ?"